ಮಳೆಗಾಲದಲ್ಲಿ ಕೋವಿ, ಪಿಸ್ತೂಲಿನ ಆರೈಕೆ

ನಮ್ಮ ತೋಟ ಮಡಿಕೇರಿಯಿಂದ ಸ್ವಲ್ಪ ದೂರ. ಜೂನ್‌ನಲ್ಲಿ ಮಳೆ ಹಿಡಿದರೆ ಚಪ್ಪಲಿಗೂ ಬೂಷ್ಟು, ಬೀರುವಿನ ಬಟ್ಟೆಗೂ ಬೂಷ್ಟು. ಇನ್ನು ಕಬ್ಬಿಣದ ಗತಿ ಕೇಳಬೇಕಾ? ಮನೆಯಲ್ಲಿರುವುದು ಎರಡು. ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ. ಮತ್ತೊಂದು, ಸೈನ್ಯದಿಂದ ನಿವೃತ್ತನಾದ ಮೇಲೆ ಲೈಸೆನ್ಸ್ ಮಾಡಿಸಿ ತೆಗೆದುಕೊಂಡ .32 ಪಿಸ್ತೂಲು.

ಒರೆಸಲು ಕೂರುವ ಮೊದಲು ಪಿಸ್ತೂಲಿನ ಮ್ಯಾಗಜಿನ್ (ಗುಂಡಿನ ತೋಟೆ ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆಯಿರಿ. ತೋಟೆ ಕೂರುವ ಚೇಂಬರನ್ನು ಕಣ್ಣಿಂದಲೂ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಕ್ರಮ ತಪ್ಪಿದರೆ ಮ್ಯಾಗಜಿನ್‌ನಿಂದ ಇನ್ನೊಂದು ತೋಟೆ ಒಳಗೆ ಹೋಗಿ ಕೂರುತ್ತದೆ.

ಕೋವಿಯ ಕಪ್ಪು-ನೀಲಿ ಬಣ್ಣ ಪೇಂಟ್ ಅಲ್ಲ. ಬ್ಲೂಯಿಂಗ್ ಅಂದರೆ ಉಕ್ಕಿನ ಮೈಯನ್ನೇ ಕಪ್ಪು ಆಕ್ಸೈಡ್ ಮಾಡಿದ್ದು. ಬೇಕೆಂದೇ ಹಿಡಿಸಿದ ಒಳ್ಳೆಯ ತುಕ್ಕು ಅನ್ನಿ. ತೀರಾ ತೆಳು. ಎಣ್ಣೆ ಇದ್ದರೆ ಮಾತ್ರ ಅದು ಕಾಯುತ್ತದೆ, ಒಣಗಿದರೆ ಕೆಂಪು ತುಕ್ಕು ಶುರು. ಫಾಸ್ಫೇಟ್ ಲೇಪ ಒರಟು, ಹಾಗಾಗಿ ಎಣ್ಣೆಯನ್ನು ಜಾಸ್ತಿ ಹಿಡಿದುಕೊಳ್ಳುತ್ತದೆ. ಹಾರ್ಡ್ ಕ್ರೋಮ್ ಇನ್ನೂ ಗಟ್ಟಿ, ಆದರೆ ಅಜ್ಜನ ಕೋವಿಗೆ ಕ್ರೋಮ್ ಹೊಡೆಸಲು ನನಗೆ ಮನಸ್ಸಿಲ್ಲ.

ಒಂದು ಸಲ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿನಲ್ಲಿ ಕೋವಿಯನ್ನು ಪೂಜೆಗಿಟ್ಟು, ತೋಕ್‌ಪೂ ಎಂಬ ಹೂ ಸಿಕ್ಕಿಸಿ, ಚಂದನದ ಬೊಟ್ಟು ಇಟ್ಟು, ಊಟ ಮುಗಿಸಿ ಮಲಗಿಬಿಟ್ಟೆ. ಮೂರನೇ ದಿನ ನೋಡಿದರೆ ನಳಿಗೆಯ ಮೇಲೆ ಬೊಟ್ಟಿನ ಅಳತೆಗೇ ತುಕ್ಕು! ಈಗ ಪೂಜೆ ಆದ ಸಂಜೆಯೇ ಒರೆಸುತ್ತೇನೆ. ಬೆರಳಿನ ಬೆವರೂ ಚಂದನಕ್ಕಿಂತ ಕಡಿಮೆಯೇನಲ್ಲ, ಅದರಲ್ಲಿ ಉಪ್ಪಿದೆ.

ಹತ್ತಿ ಬಟ್ಟೆಗೆ ನಾಲ್ಕು ಹನಿ ಗನ್ ಆಯಿಲ್ ಸಾಕು. ಕೊಬ್ಬರಿ ಎಣ್ಣೆ ಬೇಡ, ನಮ್ಮ ಚಳಿಗೆ ಹೆಪ್ಪುಗಟ್ಟುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ನೀರು ಹೀರಿಕೊಂಡು ಕೋವಿಗೇ ಉಣಿಸುತ್ತದೆ. ಬೀಗ ಹಾಕುವ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ತೆಗೆದು ನೋಡಿ.

ಪಿಸ್ತೂಲು ಕೈಕೊಡುವುದು ಹೆಚ್ಚಾಗಿ ಮ್ಯಾಗಜಿನ್‌ನಿಂದ. ಅದರ ಒಳಗೆ ಮಾತ್ರ ಎಣ್ಣೆ ಸುರಿಯಬೇಡಿ. ಜಿಡ್ಡಿಗೆ ಧೂಳು ಅಂಟುತ್ತದೆ, ತೋಟೆಯ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೂ ಎಣ್ಣೆ ಇಳಿಯಬಹುದು. ಬಿಚ್ಚಿ, ಒಣ ಬಟ್ಟೆಯಿಂದ ಒರೆಸಿ, ಸ್ಪ್ರಿಂಗಿಗೆ ಎಣ್ಣೆ ಸವರಿದ ಬೆರಳು ತಾಗಿಸಿದರೆ ಸಾಕು. ಮ್ಯಾಗಜಿನ್‌ನಲ್ಲಿ ತೋಟೆ ತುಂಬಿಟ್ಟರೆ ಸ್ಪ್ರಿಂಗ್ ಸಾಯುತ್ತದೆ ಅನ್ನುವವರಿದ್ದಾರೆ, ಹಾಗೇನಿಲ್ಲ. ಒಳ್ಳೆಯ ಸ್ಪ್ರಿಂಗ್ ಸವೆಯುವುದು ಮತ್ತೆ ಮತ್ತೆ ಒತ್ತಿ ಬಿಡುವುದರಿಂದ. ಮ್ಯಾಗಜಿನ್‌ನ ಬಾಯಲ್ಲಿ ತೋಟೆಯನ್ನು ಹಿಡಿದಿಡುವ ಎರಡು ತುಟಿ ಬಗ್ಗಿದ್ದರೆ ಇಕ್ಕಳದಲ್ಲಿ ನೇರ ಮಾಡಲು ಹೋಗಬೇಡಿ, ಬೇರೆ ಮ್ಯಾಗಜಿನ್ ತನ್ನಿ.

.32ರ ಒಂದು ಗುಟ್ಟಿದೆ. ಈ ತೋಟೆಯ ತಳದ ಅಂಚು ಒಂಚೂರು ಹೊರಗೆ ಚಾಚಿರುತ್ತದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಕೊಂಡಿಯಾಗಿ ಸಿಕ್ಕಿಕೊಳ್ಳುತ್ತವೆ. ಫೈರಿಂಗ್ ರೇಂಜಿನಲ್ಲಿ ನನಗೆ ಹೀಗಾಗಿ, ಸ್ಲೈಡ್ ಅರ್ಧಕ್ಕೆ ನಿಂತಿತು. ಸುಮ್ನೆ ಪಿಸ್ತೂಲನ್ನು ಬೈದೆ, ತಪ್ಪು ತುಂಬಿದವನದು! ಪ್ರತಿ ತೋಟೆಯ ಅಂಚೂ ಕೆಳಗಿನದಕ್ಕಿಂತ ಮುಂದೆ ಇರುವಂತೆ ಒಂದೊಂದಾಗಿ ಇಳಿಸಿ.

ನನ್ನ ಎರಡು ಮ್ಯಾಗಜಿನ್‌ಗಳ ತಳಕ್ಕೆ ಹೆಂಡತಿಯ ನೇಲ್ ಪಾಲಿಶ್‌ನಲ್ಲಿ 1, 2 ಎಂದು ಬರೆದಿದ್ದೇನೆ. ರೇಂಜಿನಲ್ಲಿ ಯಾವುದು ಸಿಕ್ಕಿಕೊಂಡಿತು ಎಂದು ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಎರಡು ಸಲ ಸತಾಯಿಸಿದ್ದು ಮೂರನೇ ಸಲ ಮನೆಯಿಂದ ಹೊರಡುವುದಿಲ್ಲ.