ಮೂರನೇ ಸಲಕ್ಕೆ ಗೆದ್ದ ಬಚ್ಚಲೊಲೆ

ಹೋದ ವರ್ಷ ಮಳೆಗಾಲದ ಒಂದು ಬಿಲ್ಲು 210 ಯೂನಿಟ್ ಚಿಲ್ಲರೆ ಬಂತು. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ ಅಲ್ವಾ? 2022-23ರ ಸರಾಸರಿಗೆ ಶೇ. 10 ಸೇರಿಸಿ ನಮಗೆ ಸಿಕ್ಕಿದ್ದ ಉಚಿತ ಮಿತಿ 95 ಯೂನಿಟ್ ಹತ್ತಿರ. ಆಗ ಮನೆಯಲ್ಲಿ ಗೀಸರ್ ಇರಲಿಲ್ಲ. ಆಮೇಲೆ ಮಗಳ ಬಾಣಂತನಕ್ಕೆ ಅಂತ 25 ಲೀಟರಿನದು ಹಾಕಿಸಿದೆ. ಬಾಣಂತನ ಮುಗಿಯಿತು, ಗೀಸರ್ ಉಳಿಯಿತು. ಐದು ಜನರ ಸ್ನಾನಕ್ಕೆ ದಿನಕ್ಕೆ 4-5 ಯೂನಿಟ್ ಅದೇ ತಿನ್ನುತ್ತಿತ್ತು. ಮೂರು ದಿನ ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತು ಲೆಕ್ಕ ಹಾಕಿದ್ದೇನೆ.

ಸೋಲಾರ್ ಹಾಕಿಸಿ ಅಂದರು ಎಲ್ಲರೂ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಇರುವವರು ಜೂನ್, ಜುಲೈನಲ್ಲಿ ಬಿಸಿಲು ಎಲ್ಲಿಂದ ತರೋದು? ಒಳಗೆ ಕಾಯಿಲ್ ಇರುತ್ತದಂತೆ. ಹಾಗಾದರೆ ಅದೂ ಗೀಸರೇ ತಾನೆ.

ಹಂಡೆ ಒಲೆಗೇ ವಾಪಸ್ ಹೋಗುತ್ತೇನೆ ಅಂದಾಗ ಭಾವ ನಕ್ಕರು. "ಹಂಗೇ ಒಂದು ಎತ್ತಿನ ಗಾಡೀನೂ ತಗೊ ಮಾರಾಯ" ಅಂದರು. ಹಳೇ ಒಲೆಯಂಥದ್ದು ನನಗೂ ಬೇಡವಾಗಿತ್ತು. ದಿನಾ 9-10 ಕೆ.ಜಿ. ಸೌದೆ ನುಂಗೋದು, ಉರಿಯೆಲ್ಲ ಬಾಯಿಂದ ಹೊರಗೆ. ಕಡಿಮೆ ಸೌದೆ, ಕಡಿಮೆ ಹೊಗೆಗೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಇದೆಯಲ್ಲ. ಅದರ ಅಳತೆಯ ಲೆಕ್ಕವನ್ನು ನಮ್ಮ 60 ಲೀಟರಿನ ತಾಮ್ರದ ಹಂಡೆಗೆ ಹೊಂದಿಸಲೇಬೇಕು ಅಂತ ಹಠ ಹಿಡಿದೆ.

ಮೊದಲ ಸಲ ಹಂಡೆಗೂ ಗೋಡೆಗೂ ಅರ್ಧ ಇಂಚು ಬಿಟ್ಟೆ. ಬಚ್ಚಲು ತುಂಬ ಹೊಗೆ. ಹೆಂಡತಿ ಮಾತಾಡದೆ ಗೀಸರ್ ಸ್ವಿಚ್ ಒತ್ತಿದಳು. ಎರಡನೇ ಸಲ ಗಾರೆಯವರನ್ನು ಕರೆಸಿ ಎರಡು ಇಂಚು ಬಿಡಿಸಿದೆ. ಹೊಗೆಕೊಳವೆ ಮುಟ್ಟಿದರೆ ಕೈ ಸುಡುತ್ತಿತ್ತು, ನೀರು ಮಾತ್ರ ಉಗುರುಬೆಚ್ಚಗೆ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಕೆಳಗಿತ್ತು, ಹಾಗಾಗಿ ಗಾಳಿ ಬೀಸಿದಾಗೆಲ್ಲ ಹೊಗೆ ವಾಪಸ್. ಎರಡು ದಿನದ ಕೂಲಿ, ಸಿಮೆಂಟ್ ಎಲ್ಲ ಸೇರಿ ಎರಡೂವರೆ ಸಾವಿರ ನೀರಲ್ಲಿ ಹೋಮ.

ಮೂರನೇ ಸಲ, ಅಡಿಕೆ ಕೊಯ್ಲಿಗೆ ಮುಂಚೆ, ನಾನೇ ಕೂತು ಕಟ್ಟಿದೆ. ಹಂಡೆಗೂ ಗೋಡೆಗೂ ನಡುವಿನ ಸಂದು ಕೆಳಗೆ ಹೆಬ್ಬೆರಳಿನ ಅಗಲ, ಮೇಲೆ ಹೋಗ್ತಾ ಕಿರುಬೆರಳಿನಷ್ಟು. ಹಳೇ ಸರಳಿನ ಜಾಲರಿ ಮೇಲೆ ಉರಿ, ಗಾಳಿ ಅಡಿಯಿಂದ. ಕೊಳವೆ ನೆತ್ತಿಗಿಂತ ಎರಡಡಿ ಮೇಲೆ, ಅದಕ್ಕೆ ಟೊಪ್ಪಿ, ನಡುವೆ ಜಾರುವ ಒಂದು ತಗಡು. ಉರಿ ಇಳಿದು ಕೆಂಡವಾದಾಗ ತಗಡನ್ನು ಅರ್ಧ ಮಾತ್ರ ತಳ್ಳುತ್ತೇನೆ. ಪೂರ್ತಿ ಮುಚ್ಚಬೇಡಿ, ಕೆಂಡದ ವಿಷಗಾಳಿ ಬಚ್ಚಲಿಗೇ ಬರುತ್ತದೆ. ಮಣ್ಣು ಹುತ್ತದ್ದು, ಜೊತೆಗೆ ಭತ್ತದ ಹೊಟ್ಟು, ಇನ್ನೊಂದು ಪದಾರ್ಥ. ಅದೇನು ಅಂತ ಮನೆಗೆ ಬಂದವರಿಗೆ ಹೇಳ್ತೀನಿ. ಎಂಟು ದಿನ ಒದ್ದೆ ಗೋಣಿ ಹೊದಿಸಿಟ್ಟೆ. ಒಂದೇ ಒಂದು ಬಿರುಕಿಲ್ಲ.

ಈ ಸಲದ ಮಳೆಗಾಲ ಪೂರ್ತಿ ಕಳೆದ ಮೇಲೇ ಬರೆಯುತ್ತಿದ್ದೇನೆ. ಸೌದೆ 4 ಕೆ.ಜಿ. ಸುಮಾರು, ಅದರಲ್ಲೂ ಅರ್ಧ ಒಣಗಿದ ಅಡಿಕೆ ಸಿಪ್ಪೆ. ಬೆಳಗಿನ ಉರಿಗೇ ಸಂಜೆ ಮೊಮ್ಮಗನ ಸ್ನಾನಕ್ಕೆ ಸಾಕಾಗುವಷ್ಟು ಬಿಸಿ ಉಳಿದಿರುತ್ತದೆ. ಯೂನಿಟ್ 85-90, ಬಿಲ್ಲು ಸೊನ್ನೆ. ಸೋತಿದ್ದೂ ಸೇರಿ ಒಟ್ಟು ಖರ್ಚು ಐದೂವರೆ ಸಾವಿರ ಇರಬಹುದು. ಭಾವ ಮೊನ್ನೆ ಟೇಪು ಹಿಡಿದುಕೊಂಡು ಬಂದಿದ್ದರು.

ಅದೇ ಹುಮ್ಮಸ್ಸಿನಲ್ಲಿ ಕುಚ್ಚಲಕ್ಕಿಗೆ ಹುಲ್ಲಿನ ಪೆಟ್ಟಿಗೆ ಮಾಡಿದೆ. ಹತ್ತು ನಿಮಿಷ ಕುದಿಸಿ, ಪಾತ್ರೆಯನ್ನು ಹುಲ್ಲಿನಲ್ಲಿ ಹೂತಿಟ್ಟರೆ ಒಂದೂವರೆ ಗಂಟೆಯಲ್ಲಿ ಅನ್ನ ತಯಾರು. ಸಿಲಿಂಡರ್ ವಾರ, ಹತ್ತು ದಿನ ಜಾಸ್ತಿ ಬಂತು. ಆದರೆ ಹುಲ್ಲಿನೊಳಗೆ ಇಲಿ ಮರಿ ಹಾಕಿತು. ಈಗ ಮೀನು ಮಾರುವವರ ಹತ್ತಿರ ಥರ್ಮೋಕೋಲ್ ಪೆಟ್ಟಿಗೆ ತಂದಿದ್ದೇನೆ. ನಾಲ್ಕು ಸಲ ತೊಳೆದರೂ ವಾಸನೆ ಹೋಗಿಲ್ಲ, ಅಮ್ಮ ಅದನ್ನು ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿಲ್ಲ. ಸದ್ಯಕ್ಕೆ ಜಗಲಿಯಲ್ಲಿದೆ, ಬೆಕ್ಕು ಮಲಗುತ್ತದೆ.