ಮೆಗಾಮಿಂಕ್ಸ್‌ನಲ್ಲಿ ಒಂದೇ ಮೂಲೆ ತಿರುಗಿ ಕೂತಾಗ

ನನ್ನ ಮೆಗಾಮಿಂಕ್ಸ್ (ರೂಬಿಕ್ಸ್ ಕ್ಯೂಬ್‌ನಂತೆ ಮುಖಗಳನ್ನು ತಿರುಗಿಸಿ ಬಣ್ಣ ಹೊಂದಿಸುವ ಆಟಿಕೆ) ಕೈಜಾರಿ ಬಿದ್ದು ಏಳೆಂಟು ತುಂಡುಗಳು ಕಳಚಿಕೊಂಡವು. ಹೆಕ್ಕಿ ಕೂರಿಸಿದೆ. ಆಮೇಲೆ ಬಿಡಿಸುತ್ತಾ ಬಂದರೆ ಎಲ್ಲ ಬಣ್ಣವೂ ಸರಿ, ಒಂದು ಮೂಲೆ ಮಾತ್ರ ಇದ್ದ ಜಾಗದಲ್ಲೇ ತಿರುಗಿ ಕೂತಿತ್ತು. ಎರಡು ದಿನ ಮತ್ತೆ ಮತ್ತೆ ಕಲಸಿ ಬಿಡಿಸಿದೆ. ಪ್ರತಿ ಸಲವೂ ಒಂದು ಮೂಲೆ ಉಳಿಯುತ್ತಿತ್ತು.

ಕಾರಣ ಅದರ ಆಕಾರದಲ್ಲೇ ಇತ್ತು. ಇದಕ್ಕೆ ಐದು ಬದಿಯ 12 ಮುಖಗಳು, 20 ಮೂಲೆ ತುಂಡು, 30 ಅಂಚಿನ ತುಂಡು. ಮೂಲೆಗೆ ಮೂರು ಬಣ್ಣ, ಹಾಗಾಗಿ ಅದು ಮೂರು ರೀತಿ ಕೂರಬಹುದು. ಆದರೆ ಮುಖಗಳನ್ನು ಎಷ್ಟೇ ತಿರುಗಿಸಿದರೂ ಒಂಟಿ ಮೂಲೆ ತಿರುಚಿಕೊಳ್ಳುವುದಿಲ್ಲ. ಒಂದು ಬಲಕ್ಕೆ ತಿರುಚಿದರೆ ಇನ್ನೊಂದು ಎಡಕ್ಕೆ ತಿರುಚಬೇಕು, ಇಲ್ಲವೇ ಮೂರು ಮೂಲೆ ಒಂದೇ ಕಡೆಗೆ. ಅಂದರೆ ತಪ್ಪು ಜೋಡಿಸುವಾಗಲೇ ಆಗಿತ್ತು. ತುಂಡುಗಳನ್ನೆಲ್ಲ ಬಿಚ್ಚಿ ಮನಬಂದಂತೆ ಜೋಡಿಸಿದರೆ, ಬಿಡಿಸಲು ಬರುವ ಸಾಧ್ಯತೆ 24ರಲ್ಲಿ 1 ಮಾತ್ರ! ಇದು ಗೊತ್ತಾದಾಗ ನಿಜಕ್ಕೂ ಖುಷಿಯಾಯಿತು.

ಸರಿಮಾಡಲು ಐದು ನಿಮಿಷ ಸಾಕಾಯಿತು. ಒಂದು ಪೂರ್ತಿ ತಿರುವು 72 ಡಿಗ್ರಿ. ಮೇಲಿನ ಮುಖವನ್ನು ಅದರ ಅರ್ಧದಷ್ಟು ತಿರುಗಿಸಿ ನಿಲ್ಲಿಸಿದೆ. ತೊಂದರೆಯ ಮೂಲೆಯ ಪಕ್ಕದ ಅಂಚಿನ ತುಂಡಿಗೆ ಹೆಬ್ಬೆರಳು ಕೊಟ್ಟು ಮೇಲಕ್ಕೆ ಮೀಟಿದೆ. ಟಕ್ ಅಂತ ಬಂತು. ಆಮೇಲೆ ಮೂಲೆ ತಾನಾಗೇ ಸಡಿಲವಾಯಿತು. ಬಣ್ಣ ಹೊಂದುವಂತೆ ಅದನ್ನು ತಿರುಗಿಸಿಟ್ಟು, ಅಂಚನ್ನು ಕೊನೆಗೆ ಒತ್ತಿದೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತೆ.

ಒಂದೇ ಅಂಚು ತಲೆಕೆಳಗಾಗಿ ಉಳಿದಿದ್ದರೂ ಇದೇ ದಾರಿ. ಅದನ್ನೊಂದೇ ತೆಗೆದು ತಿರುಗಿಸಿ ಕೂರಿಸಿ.