ಹೊಸ ಉಪ್ಪುನೀರಿನ ಕೆಎಚ್ ತಗ್ಗಿದರೆ ಸೋಡಾ ಡಬ್ಬಿ ಕೊನೆಗೆ ತೆರೆಯಿರಿ

ಹವಳ ಸಾಕುವ ಟ್ಯಾಂಕಿಗೆ ಕಡಲ ಉಪ್ಪು ಕಲಸಿದ್ದೀರಿ. ಪೊಟ್ಟಣದ ಮೇಲೆ ಕೆಎಚ್ (ನೀರಿನ ಕ್ಷಾರತೆ, ಹೆಚ್ಚಾಗಿ ಬೈಕಾರ್ಬೊನೇಟಿನದು) 8.5 ಡಿಕೆಎಚ್ (ಅದನ್ನು ಅಳೆಯುವ ಮಾನ) ಎಂದು ಬರೆದಿದೆ, ಡ್ರಮ್ಮಿನಲ್ಲಿ ಕಲಸಿಟ್ಟ ನೀರು ಮರುದಿನ 6.4 ತೋರಿಸುತ್ತಿದೆ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಕೆಎಚ್ ಏರಿಸುವ ಅಡುಗೆ ಸೋಡಾ ಡಬ್ಬಿಯ ಕಡೆ ಹೋಗುತ್ತದೆ. ನಾನು ಅದನ್ನು ಕೊನೆಗೆ ತೆರೆಯುತ್ತೇನೆ. ಅಂಕಿ ತಗ್ಗಲು ಸಾಮಾನ್ಯವಾಗಿ ನಾಲ್ಕು ಕಾರಣ: ಪರೀಕ್ಷೆ ತಪ್ಪಿರಬಹುದು, ಉಪ್ಪಿನಂಶವೇ ಕಡಿಮೆ ಇರಬಹುದು, ಚೀಲದ ಉಪ್ಪು ಕೆಟ್ಟಿರಬಹುದು, ಇಲ್ಲವೇ ಕಲಸುವಾಗಲೇ ಸುಣ್ಣ ಕಟ್ಟಿ ಕೆಳಗೆ ಕೂತಿರಬಹುದು. ಮೊದಲಿನ ಎರಡಕ್ಕೆ ಸೋಡಾ ಮದ್ದೇ ಅಲ್ಲ.

ಕಡಿಮೆ ಎಂದರೆ ಎಷ್ಟು ಎಂಬುದೂ ಸ್ಪಷ್ಟವಿರಲಿ. ತೆರೆದ ಕಡಲಿನ ನೀರಿಗೇ ಇರುವುದು 6.5ರಿಂದ 7 ಡಿಕೆಎಚ್. ಕ್ಯಾಲ್ಸಿಯಂ 410–420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಮೆಗ್ನೀಸಿಯಂ 1280–1300. ನಮ್ಮ ಟ್ಯಾಂಕುಗಳಲ್ಲಿ 8–9 ಇಟ್ಟುಕೊಳ್ಳುವುದು ಹವಳದ ಬೆಳವಣಿಗೆಗಾಗಿ. ಹಾಗಾಗಿ 7 ಬಂದ ನೀರು ಕೆಟ್ಟ ನೀರಲ್ಲ. ಚೀಲದಿಂದ ಚೀಲಕ್ಕೂ ಗುರಿ ಬೇರೆ: ರೆಡ್ ಸೀ ಕಂಪನಿಯ ನೀಲಿ ಬಕೆಟಿನ ಉಪ್ಪು 8ರ ಹತ್ತಿರ ನಿಲ್ಲುವಂತೆ, ಅವರದೇ ಕೋರಲ್ ಪ್ರೊ 12ರ ಹತ್ತಿರ ಬರುವಂತೆ ಮಾಡಿದ್ದು. ಹೋಲಿಸುವುದಾದರೆ ಆಯಾ ಚೀಲದ ಮೇಲಿನ ಅಂಕಿಯೊಂದಿಗೇ ಹೋಲಿಸಬೇಕು.

ಕೆಎಚ್ ಪರೀಕ್ಷಿಸುವ ಕಿಟ್ ಸರಿಯಿದೆಯೇ ಎಂದು ನೋಡಲು, ಕೆಎಚ್ ಎಷ್ಟೆಂದು ಮೊದಲೇ ಗೊತ್ತಿರುವ ಅಳತೆನೀರನ್ನು ಮನೆಯಲ್ಲೇ ಮಾಡಬಹುದು. ಹೊಸ ಪೊಟ್ಟಣದ ಅಡುಗೆ ಸೋಡಾ 3.0 ಗ್ರಾಂ ತೂಗಿ, ಡಿಐ ನೀರಿನಲ್ಲಿ (ರಾಳದ ಮೂಲಕ ಹಾಯಿಸಿ ಲವಣ ತೆಗೆದ ನೀರು) ಕರಗಿಸಿ, ಒಟ್ಟು 1 ಲೀಟರ್ ಮಾಡಿ. ಅದರಿಂದ 100 ಮಿ.ಲೀ. ತೆಗೆದು ಮತ್ತೆ ಡಿಐ ನೀರು ಸೇರಿಸಿ 1 ಲೀಟರಿಗೆ ತನ್ನಿ. ಇದು 10 ಡಿಕೆಎಚ್. ಕಿಟ್ 9 ತೋರಿಸಿದರೆ ಅದು ಹತ್ತರಲ್ಲಿ ಒಂದು ಪಾಲು ಕಡಿಮೆ ಓದುತ್ತಿದೆ ಎಂದರ್ಥ. ನೀರು ತೆಗೆಯುವ ಸಿರಿಂಜಿನಲ್ಲಿ ಗಾಳಿಗುಳ್ಳೆ ಇದ್ದರೂ ಹೀಗೇ ಆಗುತ್ತದೆ: 4 ಮಿ.ಲೀ. ಎಂದುಕೊಂಡದ್ದು 3.8 ಇದ್ದರೆ ಅಂಕಿಯೂ ಅಷ್ಟೇ ಪಾಲು ಇಳಿಯುತ್ತದೆ.

ಇನ್ನು ಉಪ್ಪಿನಂಶ. ರಿಫ್ರ್ಯಾಕ್ಟೋಮೀಟರನ್ನು (ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ಸಾಧನ) ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ತಂದು ನಂಬುವವರೇ ಹೆಚ್ಚು. ಸೊನ್ನೆಯಲ್ಲಿ ಸರಿಯಿದ್ದದ್ದು ಕಡಲನೀರಿನ 35 ಪಿಪಿಟಿಯಲ್ಲಿ (ಸಾವಿರದಲ್ಲಿ 35 ಪಾಲು ಉಪ್ಪು) ಎರಡು ಮೂರು ಪಿಪಿಟಿ ತಪ್ಪುವುದುಂಟು. 963.5 ಗ್ರಾಂ ಡಿಐ ನೀರಿಗೆ 36.5 ಗ್ರಾಂ ಒಣ, ಶುದ್ಧ ಸೋಡಿಯಂ ಕ್ಲೋರೈಡ್ ಕರಗಿಸಿದರೆ ರಿಫ್ರ್ಯಾಕ್ಟೋಮೀಟರಿನಲ್ಲಿ ಅದು 35 ಪಿಪಿಟಿ ಕಡಲನೀರಿನಂತೆ ಕಾಣುತ್ತದೆ. ಸ್ಕ್ರೂ ತಿರುಗಿಸಬೇಕಾದದ್ದು ಅಲ್ಲಿ. (ಈ ದ್ರಾವಣ ಕಂಡಕ್ಟಿವಿಟಿ ಮೀಟರಿಗೆ ಹೊಂದುವುದಿಲ್ಲ.) ನಿಜವಾಗಿ 32 ಇರುವ ನೀರನ್ನು 35 ಎಂದುಕೊಂಡರೆ 8.5 ಬರಬೇಕಾದ ಕೆಎಚ್ 7.8ಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅದೇ ಪಾಲಿನಲ್ಲಿ ಇಳಿದಿರುತ್ತವೆ. ಅದೇ ಗುರುತು. ಇದಕ್ಕೆ ಹಾಕಬೇಕಾದದ್ದು ಉಪ್ಪು.

ಇವೆರಡೂ ಸರಿಯಿದ್ದರೆ, ನನ್ನ ಲೆಕ್ಕದಲ್ಲಿ, ಹೆಚ್ಚಿನ ಸಲ ಕಾರಣ ಡ್ರಮ್ಮಿನ ಒಳಗೇ ಇರುತ್ತದೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಒಂದೇ ಚೀಲದಲ್ಲಿರುವುದು ಮೊದಲೇ ಒಂದು ಸರ್ಕಸ್ಸು. ನೀರಿನಲ್ಲಿ ಸರಿಯಾಗಿ ಹರಡಿಕೊಂಡರೆ ಮೆಗ್ನೀಸಿಯಂ ಅವೆರಡನ್ನೂ ಕೂಡದಂತೆ ತಡೆಯುತ್ತದೆ. ಒಂದೇ ಕಡೆ ದಟ್ಟವಾದರೆ, ನೀರು ಬೆಚ್ಚಗಿದ್ದರೆ, ಪಿಎಚ್ ಏರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಳಿ ಪುಡಿ ಇಳಿಯುತ್ತದೆ. ಖಾಲಿ ಡ್ರಮ್ಮಿಗೆ ಉಪ್ಪು ಸುರಿದು ಮೇಲಿಂದ ನೀರು ಬಿಡುವುದು ಇದಕ್ಕೆ ನೇರ ದಾರಿ. ಎರಡು ಮೂರು ದಿನ ಪಂಪನ್ನೂ ಗಾಳಿಯಂತ್ರವನ್ನೂ ನಿಲ್ಲಿಸದೆ ಓಡಿಸಿದರೂ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಪುಡಿ ಇಳಿಯಲು ಅನುಕೂಲವಾಗುತ್ತದೆ. ಹೀಟರ್ ಬೇರೆ ಹಾಕಿದರೆ ಅದರ ಮೈಮೇಲೇ ಹಕ್ಕಳೆ ಕಟ್ಟುತ್ತದೆ. ಕಾಸರಗೋಡಿನ ಸೆಕೆಗೆ ಕಲಸುವ ಡ್ರಮ್ಮಿಗೆ ಹೀಟರ್ ಬೇಕಿಲ್ಲ. ಏಪ್ರಿಲ್, ಮೇಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ನೀರು ತಾನೇ ಕಾದಿರುತ್ತದೆ. ಬೆಳಗಿನ ತಂಪಿಗೆ ತುಂಬಿಸಿ ಆಗಲೇ ಕಲಸುವುದು ಲೇಸು.

ಈ ನಷ್ಟ ಬಹಳ ಜನರ ಕಣ್ಣಿಗೆ ಬೀಳದಿರಲು ಒಂದು ಲೆಕ್ಕ ಕಾರಣ. ಹೀಗೆ ಪುಡಿಯಾಗಿ ಇಳಿದಾಗ ಕೆಎಚ್ 2.8ರಷ್ಟು ಕಳೆದರೆ ಕ್ಯಾಲ್ಸಿಯಂ ಇಳಿಯುವುದು ಬರೀ 20 ಪಿಪಿಎಂ. ನಮ್ಮ ಕ್ಯಾಲ್ಸಿಯಂ ಕಿಟ್ಟಿನ ತಪ್ಪೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹಾಗಾಗಿ ‘ಕ್ಯಾಲ್ಸಿಯಂ ಸರಿಯಿದೆ, ಕೆಎಚ್ ಮಾತ್ರ ಇಲ್ಲ, ಕಂಪನಿಯವರೇ ಕಡಿಮೆ ಹಾಕಿದ್ದಾರೆ’ ಎಂಬ ತೀರ್ಮಾನಕ್ಕೆ ಬರುತ್ತೇವೆ. ಕಂಪನಿಯನ್ನು ಬಯ್ಯುವ ಮೊದಲು ಡ್ರಮ್ಮಿನ ತಳ, ಪಂಪಿನ ಮೈ ಕೆರೆದು ಆ ಬಿಳಿ ಪುಡಿಯ ಮೇಲೆ ವಿನೆಗರ್ ಹನಿಸಿ. ಬುಸುಬುಸು ನೊರೆ ಬಂದರೆ ಕಳೆದುಹೋದ ಕೆಎಚ್ ಅದೇ. ಆ ಹಕ್ಕಳೆಯನ್ನು ಹಾಗೇ ಬಿಟ್ಟರೆ ಮುಂದಿನ ಸಲ ಕಲಸುವಾಗ ಅದರ ಮೇಲೇ ಹೊಸ ಸುಣ್ಣ ಬೇಗ ಕೂರುತ್ತದೆ. ವಿನೆಗರ್ ಹಾಕಿ ತೊಳೆದೇ ಕಲಸಬೇಕು.

100 ಲೀಟರಿಗೆ ನಾನು ಅನುಸರಿಸುವ ಕ್ರಮ: 95 ಲೀಟರ್ ಆರ್‌ಓ-ಡಿಐ ನೀರು ತುಂಬಿಸಿ, ಪವರ್‌ಹೆಡ್ (ನೀರು ಆಡಿಸುವ ಸಣ್ಣ ಪಂಪು) ಅನ್ನು ಮೇಲ್ಮೈ ಕಡೆ ತಿರುಗಿಸಿ ಚಾಲೂ ಮಾಡುತ್ತೇನೆ. ಬ್ರಾಂಡ್ ನೋಡಿಕೊಂಡು 3.6ರಿಂದ 3.9 ಕಿಲೋ ಉಪ್ಪು ತೂಗಿಟ್ಟು, ನೀರು ಹರಿಯುವಲ್ಲಿ ಒಂದೊಂದೇ ಲೋಟದಂತೆ ಹತ್ತು ಹದಿನೈದು ನಿಮಿಷ ತೆಗೆದುಕೊಂಡು ಹಾಕುತ್ತೇನೆ. ತಿಳಿಯಾದ ಮೇಲೆ ಉಪ್ಪಿನಂಶ ನೋಡಿ, ಉಳಿದ ನೀರಿನಲ್ಲಿ 35ಕ್ಕೆ ತಂದು, ಆಗಲೇ ಒಮ್ಮೆ ಕೆಎಚ್ ಬರೆದಿಟ್ಟುಕೊಳ್ಳುತ್ತೇನೆ. ಪಂಪು ನಿಲ್ಲಿಸಿ ಮುಚ್ಚಳ ಹಾಕಿ 24 ಗಂಟೆಯ ನಂತರ ಮತ್ತೊಮ್ಮೆ. ಮೊದಲು 8.4 ಇದ್ದು ಮರುದಿನ 7.2 ಆದರೆ ಡ್ರಮ್ಮಿನಲ್ಲೇ ಇಳಿದದ್ದು. ಎರಡೂ ಸಲ ತಗ್ಗಿದ್ದರೆ ಚೀಲದ ಮೇಲೆ ಸಂಶಯ ಪಡಬೇಕು.

ಚೀಲದ ವಿಷಯದಲ್ಲಿ ನಮ್ಮೂರಿನ ಮಳೆಯನ್ನು ಬಿಟ್ಟು ಮಾತಾಡುವಂತಿಲ್ಲ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಡುಗೆಮನೆಯ ಉಪ್ಪಿನ ಭರಣಿಯೇ ನೀರೂರುತ್ತದೆ. ಕಡಲ ಉಪ್ಪಿನ ಚೀಲದಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್ ಅದಕ್ಕಿಂತ ಹೆಚ್ಚು ತೇವ ಹೀರುವ ವಸ್ತು. ತೇವ ಆಡಿದ ಕಡೆ ಬೈಕಾರ್ಬೊನೇಟ್ ಚೀಲದೊಳಗೇ ಸುಣ್ಣವಾಗಿಬಿಡುತ್ತದೆ, ಮತ್ತೆ ಕರಗುವುದಿಲ್ಲ. ಕೈಯಲ್ಲಿ ಒತ್ತಿದರೆ ಪುಡಿಯಾಗುವ ಗಂಟು ಪರವಾಗಿಲ್ಲ. ಮುರಕಲ್ಲಿನಂತೆ (ಜಂಬಿಟ್ಟಿಗೆ ಕಲ್ಲು) ಗಟ್ಟಿಯಾದದ್ದನ್ನು ಒಡೆದು ಕಲಸಿದರೂ ನೀರು ತಿಳಿಯಾಗದು. ಹಾಗಾಗಿ ಮೇಯಲ್ಲೇ ಒಣ ಉಪ್ಪನ್ನು ಉರುಳಿಸಿ ಚೆನ್ನಾಗಿ ಬೆರೆಸಿ, ರಬ್ಬರ್ ವಾಷರ್ ಇರುವ ಮುಚ್ಚಳದ ಡಬ್ಬಿಗೆ ಸುರಿದಿಡಬೇಕು. ಲಾರಿಯಲ್ಲಿ ಕುಲುಕಿ ಸಣ್ಣ ಕಾಳು ಕೆಳಗಿಳಿದ ಚೀಲದಲ್ಲಿ ಮೇಲಿನ ಪಾಲು ಒಂದು ಅಂಕಿ, ತಳದ ಪಾಲು ಮತ್ತೊಂದು ಅಂಕಿ ಕೊಡುತ್ತದೆ. ಪರೀಕ್ಷೆಗೆ ಕಲಸುವುದಾದರೆ ಮೂರು ಕಡೆಯಿಂದ ತೆಗೆದ ಸುಮಾರು 185 ಗ್ರಾಂ ಉಪ್ಪಿಗೆ 5 ಲೀಟರ್ ನೀರು ಸಾಕು.

ಬಾವಿ, ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು) ನೀರಿನ ಬಗ್ಗೆ ಒಂದು ಮಾತು. ಮುರಕಲ್ಲಿನ ನೆಲದ ನೀರು ಮೆದು, ಸ್ವಲ್ಪ ಹುಳಿ. ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಎರಡಂಕಿಯಲ್ಲೇ ನಿಲ್ಲುವುದುಂಟು. ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಆರ್‌ಓ ಪೊರೆ ದಾಟಿ ಬರುತ್ತದೆ, ಡಿಐ ರಾಳವನ್ನು ಬೇಗ ಮುಗಿಸುತ್ತದೆ. ಆದರೆ ಅದು ಪಿಎಚ್ ಇಳಿಸುತ್ತದೆಯೇ ಹೊರತು ಕೆಎಚ್ ಅನ್ನಲ್ಲ. ಹೊಸ ನೀರಿನ ಪಿಎಚ್ 7.8 ಕಂಡು ಸೋಡಾ ಹಾಕುವುದು ತಪ್ಪು.

ಎಲ್ಲ ನೋಡಿದ ಮೇಲೂ ಏರಿಸಲೇಬೇಕಿದ್ದರೆ ಲೆಕ್ಕ ಸುಲಭ: 100 ಲೀಟರಿಗೆ 1 ಡಿಕೆಎಚ್ ಏರಲು 3 ಗ್ರಾಂ ಅಡುಗೆ ಸೋಡಾ. 80 ಲೀಟರ್ ನೀರನ್ನು 6.4ರಿಂದ 8.4ಕ್ಕೆ ತರಲು 4.8 ಗ್ರಾಂ. ಅರ್ಧ ಲೀಟರ್ ಆರ್‌ಓ ನೀರಿನಲ್ಲಿ ಪೂರ್ತಿ ಕರಗಿಸಿ, ಪಂಪಿನ ಎದುರು ಸಣ್ಣ ಧಾರೆಯಾಗಿ ಬಿಡಬೇಕು. ಇಲ್ಲಿನ ಅಂಗಡಿಗಳಲ್ಲಿ ‘ಅಪ್ಪಕ್ಕಾರ’ ಎಂದು ಕೇಳಿದರೆ ಸಿಗುವುದು ಇದೇ. ‘ಅಲಕ್ಕುಕಾರ’ ಬಟ್ಟೆ ಒಗೆಯುವ ಸೋಡಾ, ಅದರಲ್ಲಿ ಏನೇನಿದೆಯೋ, ಬೇಡ. ಬೇಕಿಂಗ್ ಪೌಡರಿನಲ್ಲಿ ಹುಳಿಯ ಲವಣವೂ ಹಿಟ್ಟೂ ಇರುತ್ತವೆ, ಅದೂ ಬೇಡ. ಅಡುಗೆ ಸೋಡಾವನ್ನು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಮಾಡುವ ಕಾರ್ಬೊನೇಟ್ ಟ್ಯಾಂಕಿನ ದಿನನಿತ್ಯದ ಡೋಸಿಂಗಿಗೆ ಒಳ್ಳೆಯದೇ, ಆದರೆ ಡ್ರಮ್ಮಿಗೆ ಹಾಕುವುದಿಲ್ಲ: ಪಿಎಚ್ ಒಮ್ಮೆಲೇ ಏರಿ, ತುಂಬಿಸಲು ಹೊರಟದ್ದೇ ಮತ್ತೆ ಸುಣ್ಣವಾಗಿ ಇಳಿಯುತ್ತದೆ. ಬರೀ ಅಡುಗೆ ಸೋಡಾ ಹಾಕಿದಾಗ ಪಿಎಚ್ ಸ್ವಲ್ಪ ಇಳಿಯುತ್ತದೆ, ಕೆಲವು ಗಂಟೆ ಗಾಳಿ ಆಡಿದರೆ ಸರಿಹೋಗುತ್ತದೆ. ಒಂದು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ನೀರು ಮಜ್ಜಿಗೆಯಂತಾದರೆ ಬೇಗ ಸುರಿದಿರಿ ಎಂದೇ ಅರ್ಥ. ತಿಳಿಯಾಗಲು ಬಿಟ್ಟು ಮೇಲಿನ ನೀರನ್ನು ಅಳೆಯಿರಿ.

ನೀರು ಬದಲಿಸುವ ಪ್ರಮಾಣ ಸಣ್ಣದಿದ್ದರೆ ನಾನು ಏನನ್ನೂ ಹಾಕುವುದಿಲ್ಲ. ಟ್ಯಾಂಕು 8.4, ಹೊಸ ನೀರು 6.4, ಬದಲಿಸುವುದು ಹತ್ತನೇ ಒಂದು ಪಾಲು ಎಂದರೆ ಇಳಿಯುವುದು 0.2, ಹವಳಗಳು ತುಂಬಿದ ಟ್ಯಾಂಕು ಒಂದು ದಿನದಲ್ಲಿ ತಿನ್ನುವುದೇ ಅದಕ್ಕಿಂತ ಹೆಚ್ಚು. ಅರ್ಧ ಟ್ಯಾಂಕು ಬದಲಿಸುವಾಗ ಮಾತ್ರ ಇಳಿತ ಪೂರ್ತಿ 1 ಡಿಕೆಎಚ್ ಆಗುತ್ತದೆ, ಅಕ್ರೊಪೋರ ಎಂಬ ಹವಳದ ತುದಿ ಸುಟ್ಟಂತಾಗುವುದು ಇಂಥ ಏರುಪೇರಿಗೇ. ಆಗ ಸೋಡಾವನ್ನು ಡ್ರಮ್ಮಿನಲ್ಲೇ ಹಾಕಿ, ಅಳೆದು, ಸಮ ಬಂದ ಮೇಲೆ ನೀರು ಬದಲಿಸುವುದು.